ತೊಟ್ಟಿಯಲ್ಲಿ ಎಳೆದ ಉಸಿರು

ನೀರಿನೊಳಗೆ ಉಸಿರಾಡಲು ಅಪ್ಪ ಬಳಸುತ್ತಿದ್ದ ಹಳೆಯ ಗಾಳಿ ನಳಿಕೆಯನ್ನು ಬಾಯಲ್ಲಿ ಕಚ್ಚಿಕೊಂಡು, ಸುರಪುರದ ನಮ್ಮ ಅಂಗಳದ ತೊಟ್ಟಿಯಲ್ಲಿ ಮುಖ ಮುಳುಗಿಸಿ ಉಸಿರೆಳೆದೆ. ಗಾಳಿ ಬಂತು!

ಕಾಲುವೆ ಗೇಟಿನಡಿ ಸಿಕ್ಕಿಬಿದ್ದ ಮರ, ಮುಳ್ಳುಕಂಟಿ ತೆಗೆಯಲು ನೀರಾವರಿ ಇಲಾಖೆಯಲ್ಲಿದ್ದ ಅಪ್ಪ ಬೆನ್ನಿಗೆ ಗಾಳಿಯ ಸಿಲಿಂಡರ್, ಬಾಯಿಗೆ ಈ ನಳಿಕೆ ಕಟ್ಟಿಕೊಂಡು ನೀರಿಗೆ ಇಳಿಯುತ್ತಿದ್ದರು. ನಿವೃತ್ತರಾದ ಮೇಲೆ ಅದು ಮೂಲೆ ಸೇರಿ, ಹಿತ್ತಾಳೆ ಹಸಿರುಗಟ್ಟಿ, ರಬ್ಬರ್ ಸೀಳಿತ್ತು. ಹೊಲಿಗೆ ಯಂತ್ರ ಬಿಟ್ಟು ಬೇರೇನನ್ನೂ ಬಿಚ್ಚಿ ಗೊತ್ತಿರದ ನಾನು ಮೂರು ತಿಂಗಳು ಅದರ ಮುಂದೆ ಕುಳಿತೆ. ನಾನು ಬಿಚ್ಚಿದ ಒಂದೊಂದು ತಿರುಪನ್ನೂ ಅಪ್ಪ ಬೆರಳಲ್ಲಿ ಹೊರಳಿಸಿ ಅದರ ಜಾಗ ಹೇಳಿದರು. ಹೈದರಾಬಾದಿನಲ್ಲಿ ಹೊಸ ರಬ್ಬರ್ ಕೊಂಡು, ಸಿಲಿಂಡರ್ ಪರೀಕ್ಷೆ ಮಾಡಿಸಿ, ಗಾಳಿ ತುಂಬಿಸಿಕೊಂಡು ಬಂದೆ.

ತೊಟ್ಟಿಯಲ್ಲಿ ಎರಡನೇ ಉಸಿರಿಗೇ ಗಾಬರಿಯಾಗಿ ತಲೆ ಎತ್ತಿಬಿಟ್ಟೆ.

“ಅಂಜಬ್ಯಾಡವಾ, ಉಸಿರು ಸಣ್ಣಗ ಬಿಡು. ಗೇಟಿನ ಕೆಳಗ ಮೊದಲ ಸಲ ಇಳಿದಾಗ ನಾನೂ ಅಂಜಿದ್ದೆ” ಎಂದರು ಅಪ್ಪ. ಅವರ ಬಾಯಿಂದ ಅಂಜಿಕೆಯ ಮಾತು ಕೇಳಿದ್ದು ಅದೇ ಮೊದಲು. ನಾನು ಮತ್ತೆ ಮುಖ ಮುಳುಗಿಸಿ, ಅವರು ಬೆನ್ನು ತಟ್ಟುವವರೆಗೂ ಹಾಗೇ ಉಸಿರಾಡಿದೆ. ತಲೆ ಎತ್ತಿದಾಗ ಅಪ್ಪ ಓಣಿಯವರನ್ನು ಕೂಗುತ್ತಿದ್ದರು: “ನನ್ನ ಮಗಳು ರಿಪೇರಿ ಮಾಡ್ಯಾಳ, ನೋಡಬರ್ರಿ!”

ಅಪ್ಪ ಧೈರ್ಯವಂತರೆಂದು ಊರೆಲ್ಲ ಹೇಳುತ್ತಿತ್ತು. ಅವರು ಅಂಜುತ್ತಲೇ ಇಳಿದವರೆಂದು ಗೊತ್ತಾದ ಮೇಲೆ ನನಗೆ ಅವರ ಮೇಲಿನ ಹೆಮ್ಮೆ ಇನ್ನೂ ಹೆಚ್ಚಿದೆ.