ಟೇಬಲ್ ಮೇಲಿನ ಹಳದಿ ಬಟ್ಟೆ

ನಮ್ಮ ಮನೆಯಲ್ಲಿ ದಾಳಿಂಬೆ ಬಿಡಿಸಿದರೆ ಕಾಳು ಎಲ್ಲರಿಗೆ, ಸಿಪ್ಪೆ ನನಗೆ. ಇವತ್ತು ಬೆಳಿಗ್ಗೆ ಅದನ್ನು ಬಾಲ್ಕನಿಯಲ್ಲಿ ಹರಡುತ್ತಿದ್ದಾಗ ಆ ಒಗರು ವಾಸನೆಗೆ ಶಶಿಕಲಾ ನೆನಪಾದಳು. ಬೇರೆಯವರಿಗೆ ಮಲ್ಲಿಗೆಯ ವಾಸನೆಗೆ ಯಾರೋ ನೆನಪಾಗುತ್ತಾರೆ; ನನ್ನ ಪಾಲಿಗೆ ಬಂದದ್ದು ಸಿಪ್ಪೆ.

ಶಶಿ ಪೀಣ್ಯದ ಗಾರ್ಮೆಂಟ್ಸ್ ಒಂದರಲ್ಲಿ ಚೆಕಿಂಗ್ ಸೆಕ್ಷನ್‌ನಲ್ಲಿದ್ದವಳು. ಅಂಗಿಯ ಒಂದು ತೋಳು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ತೆಳುಬಣ್ಣವಿದ್ದರೂ ಪಕ್ಕಕ್ಕೆ ಎಸೆಯುವುದು ಅವಳ ಕೆಲಸ. ಅದಕ್ಕೆ ಬೇಸತ್ತು ಬಿಟ್ಟು, ಎರಡು ಬಟ್ಟೆ ಒಂದೇ ಬಣ್ಣಕ್ಕೆ ಬರಲು ಸಾಧ್ಯವೇ ಇಲ್ಲದ ಕಸುಬನ್ನು ಹುಡುಕಿಕೊಂಡಳು. ದಾಳಿಂಬೆ ಸಿಪ್ಪೆ, ಅಳಲೆಕಾಯಿ ಕುದಿಸಿ ಬಟ್ಟೆ ಅದ್ದಿ, ಮಹದೇವಪುರದ ನಮ್ಮ ಟೆಕ್ ಪಾರ್ಕಿನಲ್ಲಿ ಶುಕ್ರವಾರ ಶುಕ್ರವಾರ ಸ್ಟಾಲ್ ಹಾಕುತ್ತಿದ್ದಳು. ಜ್ಯೂಸ್ ಅಂಗಡಿಯ ಸಿಪ್ಪೆ ಹೊತ್ತು ತಂದುಕೊಟ್ಟೇ ನಾನು ಅವಳ ಸ್ನೇಹ ಸಂಪಾದಿಸಿದ್ದು.

ನಮ್ಮ ಆಫೀಸಿನವರಿಗೆ ಪರಿಸರದ ಮೇಲೆ ಬಹಳ ಪ್ರೀತಿ. ಊಟ ಮುಗಿಸಿ ಬಂದು, ಕುರ್ತಾ ಮೂಸಿ, "ಕೆಮಿಕಲ್ ಇಲ್ಲ ತಾನೆ?" ಎನ್ನುತ್ತಿದ್ದರು. ಇಲ್ಲ ಎಂದರೆ, "ಬಣ್ಣ ಹೋಗಲ್ಲ ತಾನೆ?" ಹೋಗುತ್ತೆ ಎಂದರೆ ಕುರ್ತಾ ಕೆಳಗಿಡುತ್ತಿದ್ದರು. ಒಬ್ಬಾತ, ಒಗೆದರೂ ಬಣ್ಣ ಬಿಡಲಿಲ್ಲ, ಹಾಗಾಗಿ ಇದು ಡೂಪ್ಲಿಕೇಟ್ ಎಂದು ವಾಪಸ್ ತಂದ. ನಾನೇನು ಕಡಿಮೆ? ಹಳದಿ ಕುರ್ತಾ ಕೊಂಡು, ಅದೇ ಬಣ್ಣದ ದುಪಟ್ಟಾ ಬೇಕೆಂದು ತಿಂಗಳುಗಟ್ಟಲೆ ಅವಳ ಪ್ರಾಣ ತಿಂದೆ.

"ಬಣ್ಣ ಹೋದ್ರೆ ತಗೊಂಬನ್ನಿ ಅಕ್ಕ, ಮತ್ತೆ ಅದ್ದಿ ಕೊಡ್ತೀನಿ. ಅದೇ ಬಣ್ಣ ಮಾತ್ರ ಕೇಳ್ಬೇಡಿ," ಎನ್ನುತ್ತಿದ್ದಳು. ವ್ಯಾಪಾರಕ್ಕೆ ಕೂತವರು ಆಡುವ ಮಾತಲ್ಲ.

ವ್ಯಾಪಾರ ಹೀಗೇ ಇದ್ದರೆ ಮುಂದಿನ ತಿಂಗಳು ಜಾಗ ಬೇರೆಯವರಿಗೆ ಎಂದು ಪಾರ್ಕಿನವರು ಹೇಳಿಬಿಟ್ಟರು. ಆ ಶುಕ್ರವಾರವೇ ನಮ್ಮ ಎಚ್‌ಆರ್ ಮೇಡಂ ಬಂದರು. ಎಥ್ನಿಕ್ ಡೇಗೆ ಇಡೀ ಟೀಮಿಗೆ ಕುರ್ತಾ ಬೇಕಂತೆ. ಸಿಪ್ಪೆಯ ಚೀಲ ಹಿಡಿದು ಶಶಿಯ ಪಕ್ಕದಲ್ಲೇ ನಿಂತಿದ್ದ ನಾನು ಮನಸ್ಸಿನಲ್ಲೇ ದೇವರಿಗೆ ತೆಂಗಿನಕಾಯಿ ಒಪ್ಪಿಸಿದೆ. ಮೇಡಂ ಒಂದೊಂದು ಕುರ್ತಾವನ್ನೂ ಮುಟ್ಟಿ ನೋಡಿ, ಕೊನೆಗೆ ಟೇಬಲ್ ಮೇಲೆ ಹಾಸಿದ್ದ ಹಳದಿ ಬಟ್ಟೆಯನ್ನು ಹಿಡಿದರು.

"ನೋಡಿ, ಇದು ಪ್ಯೂರ್ ನ್ಯಾಚುರಲ್. ಮುಟ್ಟಿದ್ರೇ ಗೊತ್ತಾಗತ್ತೆ. ಎಲ್ಲಾ ಇದೇ ಶೇಡ್‌ನಲ್ಲಿ ಮಾಡ್ಕೊಡಿ."

ನಾನು ಶಶಿಯ ಕಾಲು ತುಳಿದೆ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು.

"ಮೇಡಂ, ಅದು ಪೀಣ್ಯದ್ದು. ಫ್ಯಾಕ್ಟರಿ ಕೆಮಿಕಲ್. ಎಷ್ಟು ಒಗೆದ್ರೂ ಹೋಗಲ್ಲ ಅಂತ ಹಾಸಿದೀನಿ."

ಮೇಡಂ ಬಟ್ಟೆ ಬಿಟ್ಟರು. "ಪರವಾಗಿಲ್ಲ. ಇದೇ ಕಲರ್ ನ್ಯಾಚುರಲ್‌ನಲ್ಲಿ ಬರತ್ತಲ್ಲ?"

"ಬರಲ್ಲ."

ಆರ್ಡರೂ ಬರಲಿಲ್ಲ. ಮುಂದಿನ ತಿಂಗಳು ಆ ಜಾಗಕ್ಕೆ ಮೊಬೈಲ್ ಕವರ್ ಮಾರುವವರು ಬಂದರು. ಶಶಿ ಟೇಬಲ್ ಬಟ್ಟೆಯನ್ನು ನನ್ನ ಕೈಗಿತ್ತು, ಪೀಣ್ಯದ ಅದೇ ಚೆಕಿಂಗ್‌ಗೆ ವಾಪಸಾದಳು. ಒಂದು ಸುಳ್ಳು ಹೇಳಲಾಗದವಳ ಮೇಲೆ ನನಗೆ ವಿಪರೀತ ಸಿಟ್ಟು ಬಂದಿತ್ತು. ಮನೆಗೆ ಬಂದು ಅತ್ತುಬಿಟ್ಟೆ.

ಆ ಬಟ್ಟೆ ಈಗ ನಮ್ಮ ವಾಷಿಂಗ್ ಮೆಷಿನ್ ಮೇಲಿದೆ, ಮೊದಲ ದಿನದಷ್ಟೇ ಹಳದಿಯಾಗಿ. ನಾನು ಕೊಂಡ ಕುರ್ತಾ ಮಜ್ಜಿಗೆಯ ಬಣ್ಣಕ್ಕೆ ತಿರುಗಿದೆ. ಅಂಚಿನ ಮಡಿಕೆ ಬಿಚ್ಚಿದರೆ ಒಳಗೆ ಶಶಿಯ ಹಳದಿ ಹಾಗೇ ಇದೆ. ಅದನ್ನು ಕಂಡ ಮೇಲೆಯೇ ನಾನು ಸಿಪ್ಪೆ ಕೂಡಿಡಲು ಶುರುಮಾಡಿದ್ದು.

ಮಧ್ಯಾಹ್ನ ಅವಳ ಊಟದ ಬಿಡುವಿಗೆ ಫೋನ್ ಮಾಡಿದೆ.

"ಶಶಿ, ಬಣ್ಣ ಹೋಯ್ತು ಕಣೇ. ಭಾನುವಾರ ತರ್ಲಾ?"

"ಕುದಿಸೋ ಪಾತ್ರೆ ಇನ್ನೂ ಇಟ್ಕೊಂಡಿದೀನಿ ಅಕ್ಕ," ಎಂದಳು. ತಕ್ಷಣ ಧ್ವನಿ ಬಿಗಿಯಾಯಿತು. "ದುಪಟ್ಟಾ ಮ್ಯಾಚ್ ಆಗ್ಲಿಲ್ಲ ಅಂತೀರಾ ಆಮೇಲೆ."

"ಅನ್ನಲ್ಲ," ಎಂದೆ.