ಕೊಣ್ಣೂರಿನ ಹೊಳೆದಂಡೆಯಲ್ಲಿ ಅವ್ವನ ಗಂಟು

ಗಜೇಂದ್ರಗಡದ ಬಸ್ ನಿಲ್ದಾಣದಿಂದ ಬೆಳಿಗ್ಗೆ ಏಳಕ್ಕೆ ಹೊರಟೆ. ಹೆಂಗಸರಿಗೆ ಬಸ್ಸು ಪುಕ್ಕಟೆ. ಕಂಡಕ್ಟರ್ ಕೊಟ್ಟ ಸೊನ್ನೆ ರೂಪಾಯಿಯ ಟಿಕೆಟನ್ನು ಭದ್ರವಾಗಿ ಪರ್ಸಿನಲ್ಲಿಟ್ಟೆ. ಕೊಣ್ಣೂರಿನ ಮೀನುಗಾರರಿಗೆ ಅವರ ಕೆಲಸದಲ್ಲಿರುವ ಅಪಾಯಗಳನ್ನು ತಿಳಿಹೇಳಲು ಹೊರಟಿದ್ದೆ. ನರ್ಸ್ ಕೆಲಸದಿಂದ ನಿವೃತ್ತಳಾದರೂ ಉಪದೇಶ ಮಾಡುವ ಚಟ ನನ್ನನ್ನು ಬಿಟ್ಟಿಲ್ಲ.

ರೋಣದಲ್ಲಿ ಬಸ್ಸು ಬದಲಿಸಿದೆ. ಎರೆಹೊಲಗಳಲ್ಲಿ ಕಡಲೆ ಹಸಿರಾಗಿ ನಿಂತಿತ್ತು. ಚಿಕ್ಕವಳಿದ್ದಾಗ ಇದೇ ದಾರಿಯಲ್ಲಿ ಅವ್ವನ ತೊಡೆಯ ಮೇಲೆ ಕೂತು ಹಸಿಕಡಲೆ ಸುಲಿದು ತಿನ್ನುತ್ತಿದ್ದೆ. ಅಪ್ಪ ನೇಯ್ದ ಸೀರೆಗಳನ್ನು ಮಾರಲು ಅವ್ವ ನರಗುಂದಕ್ಕೆ ಹೋಗುತ್ತಿದ್ದಳು. ಈಗ ಅವ್ವನೂ ಇಲ್ಲ, ಮಗ್ಗವೂ ಇಲ್ಲ. ಕಣ್ಣು ತುಂಬಿ ಬಂತು. ನರಗುಂದದಲ್ಲಿ ಇಳಿದು ಗಿರಮಿಟ್ಟು, ಮಿರ್ಚಿ ತಿಂದು, ಕಣ್ಣೀರಿನ ತಪ್ಪನ್ನು ಮೆಣಸಿನಕಾಯಿಯ ಮೇಲೆ ಹಾಕಿದೆ.

ಕೊಣ್ಣೂರು ತಲುಪಿದಾಗ ಹನ್ನೊಂದು ಗಂಟೆ, ಚುರುಕು ಬಿಸಿಲು. ಮಲಪ್ರಭೆ ನೋಡಲು ಶಾಂತವಾಗಿದ್ದಳು. ದಂಡೆಯ ಮೇಲೆ ಎಂಟು ಹತ್ತು ಜನ ಕೂತಿದ್ದರು. ನಾನು ಬಾಯಿ ತೆರೆಯುತ್ತಲೇ ದಸ್ತಗೀರ ಎಂಬಾತ, "ಅಕ್ಕಾರ, ಮೀನಿಗಿ ಈಜ ಕಲಸಾಕ ಬಂದೀರೇನ್ರಿ?" ಎಂದು ಕಾಲೆಳೆದ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಅಷ್ಟರಲ್ಲಿ ಅವನ ಹೆಂಡತಿ ಮಾಲನ್‌ಬಿ ಬೀಸುಬಲೆಯ ಹಗ್ಗವನ್ನು ಅವನ ಮುಂಗೈಗೆ ಕಟ್ಟಿದಳು. ಬಲೆ ಕೈಜಾರಬಾರದೆಂದು ದಿನವೂ ಆಕೆಯೇ ಕಟ್ಟುವಳಂತೆ. ಚಕ್ಕನೆ ಬಿದ್ದ ಆ ಗಂಟನ್ನು ಬಗ್ಗಿ ನೋಡಿದೆ. ಮಗ್ಗದಲ್ಲಿ ಎಳೆ ಹರಿದಾಗ ಅವ್ವ ಹಾಕುತ್ತಿದ್ದ ಗಂಟು ಅದೇ.

"ನಿನ್ನ ತವರಮನಿ ಯಾವೂರವ್ವಾ?"

"ಗಜೇಂದ್ರಗಡ್ರಿ. ನಮ್ಮಪ್ಪಂದೂ ಮಗ್ಗ ಇತ್ರಿ."

ಆ ಕೈಗಳನ್ನು ಕಣ್ಣಿಗೊತ್ತಿಕೊಳ್ಳಬೇಕೆನಿಸಿತು. ಆದರೆ ಆ ಗಂಟು ಎಳೆದಷ್ಟೂ ಬಿಗಿಯುತ್ತದೆ. ನೀರೊಳಗಿನ ಜಾಲಿಮುಳ್ಳಿಗೆ ಬಲೆ ಸಿಕ್ಕಿ ಸೆಳವು ಜಗ್ಗಿದರೆ, ಮನುಷ್ಯ ಬಲೆಯ ಜೊತೆಗೇ ಹೋಗುತ್ತಾನೆ. ಅದನ್ನೇ ಹೇಳಿದೆ.

"ಬಲಿ ಹೋದ್ರ ತಿನ್ನೂದರ ಏನ್ರಿ?" ಎಂದು ದಸ್ತಗೀರ ನಕ್ಕ.

ಮಾಲನ್‌ಬಿ ಮಾತ್ರ ನಗಲಿಲ್ಲ. "ಬ್ಯಾರೆ ಗಂಟ ತೋರಸ್ರಿ ಅಕ್ಕಾರ" ಎಂದಳು. ತುದಿ ಜಗ್ಗಿದರೆ ಸಾಕು, ಬಿಚ್ಚಿಕೊಳ್ಳುವ ಗಂಟು ತೋರಿಸಿದೆ.

"ಇದು ನಮ್ಮ ಚೊಣ್ಣದ ಲಾಡಿ ಗಂಟ ಐತಲ್ರಿ!" ಎಂದು ದಸ್ತಗೀರ ಹೊಟ್ಟೆ ಹಿಡಿದುಕೊಂಡು ನಕ್ಕ. ಮಾಲನ್‌ಬಿ ಹಳೆಯದನ್ನು ಹಲ್ಲಿನಿಂದ ಬಿಚ್ಚಿ, ಹೊಸದನ್ನು ಕಟ್ಟಿಯೇ ಕಳಿಸಿದಳು.

ಅವನು ಸೊಂಟಮಟ್ಟದ ನೀರಿಗಿಳಿದು ಬಲೆ ಬೀಸಿದ. ಮೂರನೆಯ ಸಲ ಬಲೆ ತಳದಲ್ಲಿ ಎಲ್ಲೋ ಸಿಕ್ಕಿಕೊಂಡಿತು. ಜಗ್ಗಲು ಹೋದವನ ಕಾಲು ಜಾರಿತು, ಸೆಳವಿನಲ್ಲಿ ತಲೆ ಒಮ್ಮೆ ಮುಳುಗಿ ಎದ್ದಿತು. ಅಷ್ಟಾದರೂ ಅವನು ಎರಡೂ ಕೈಯಿಂದ ಬಲೆಯನ್ನೇ ಹಿಡಿದಿದ್ದ.

"ತುದಿ ಜಗ್ರಿ! ಬಲಿ ಬಿಡ್ರಿ!" ಮಾಲನ್‌ಬಿ ಸೀರೆ ಸಮೇತ ನೀರಿಗಿಳಿದಳು.

ಅವನು ತುದಿ ಜಗ್ಗಿದ. ಹಗ್ಗ ಸರ್ರನೆ ಹೋಯಿತು. ಕೆಮ್ಮುತ್ತ ದಂಡೆಗೆ ಬಂದವನು, "ಬಲಿ ಹೋತು" ಎಂದ.

"ಹೋಗ್ಲಿ ಬಿಡ್ರಿ" ಎಂದವಳೇ ಅವನ ಮುಂಗೈ ಹಿಡಿದು ಅಳತೊಡಗಿದಳು. "ಇಷ್ಟ ವರ್ಷ ಆ ಗಂಟ ನನ್ನ ಕೈಯಾರೆ ಕಟ್ಟೀನಲ್ರಿ ಅಕ್ಕಾರ."

ಅವಳ ಬೆನ್ನು ಸವರಿದೆ.

ಮಧ್ಯಾಹ್ನದ ಬಸ್ಸಿಗೆ ಹೊರಟವಳು ತಿರುಗಿ ನೋಡಿದೆ. ಜೊತೆಗಾರರು ಉದ್ದನೆಯ ಬಿದಿರುಗಳನ್ನು ಹಾಕಿ ಬಲೆ ಹುಡುಕುತ್ತಿದ್ದರು. ತಾನೂ ಇಳಿಯುತ್ತೇನೆಂದು ದಸ್ತಗೀರ ಎದ್ದು ನಿಂತಿದ್ದ. ಮಾಲನ್‌ಬಿ ಅವನ ಮುಂಗೈಯನ್ನು ಇನ್ನೂ ಬಿಟ್ಟಿರಲಿಲ್ಲ.