ಅವ್ವನ ಅಕ್ಕಡಿ ಸಾಲು

ಇಲ್ಲ, ಆ ವರ್ಷ ಹೊಲದ ಮುಖ್ಯ ಬೆಳೆ ಮೆಣಸಿನಕಾಯಿಯಲ್ಲ, ಹತ್ತಿ ಇದ್ದಿರಬೇಕು. ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಸೊರಟೂರಿನ ನಮ್ಮ ಹೊಲಕ್ಕೆ ಬೆಳೆ ಸಮೀಕ್ಷೆಯ ಯುವಕ ಮೊಬೈಲು ಹಿಡಿದು ಬಂದದ್ದು ಮಾತ್ರ ಖರೆ. "ಯಾವ ಕ್ರಾಪ್ ಅಂತ ಒಂದ ಹೆಸರ ಹೇಳ್ರಿ, ಅಮ್ಮಾರ," ಎಂದ.

"ಕ್ರಾಪ್ ನಿನ್ನ ತಲಿ ಮ್ಯಾಲ ಐತಿ, ತಮ್ಮಾ. ಇಲ್ಲಿರೋದು ಬೆಳಿ," ಎಂದಳು ಅವ್ವ. ಮುಖ್ಯ ಬೆಳೆಯ ನಡುವೆ ತಾನೇ ಉಡಿಯಲ್ಲಿ ಬೀಜ ಕಟ್ಟಿಕೊಂಡು ಬಿತ್ತಿದ್ದ ಅಕ್ಕಡಿ ಸಾಲುಗಳಿಗೆ ಅವನನ್ನು ಕರೆದೊಯ್ದು ತೊಗರಿ, ಅಲಸಂದೆ, ಗುರೆಳ್ಳು, ಪುಂಡಿ ತೋರಿಸಿದಳು. "ಒಂದ ಬರದ್ರ, ಉಳದದ್ದು ನಾ ಬೆಳದಿಲ್ಲೇನು?"

ಅವನು ನಕ್ಕು, ಪ್ರತಿ ಸಾಲಿನ ಫೋಟೋ ತೆಗೆದ. ಎಲ್ಲದರಲ್ಲೂ ಅವ್ವ ನಿಂತಳು. ನನ್ನ ಮದುವೆಯ ಫೋಟೋದಲ್ಲೂ ಅವಳು ಅಷ್ಟು ಬೀಗಿ ನಿಂತಿಲ್ಲ. ಆ ಸಾಲುಗಳೆಲ್ಲ ದಾಖಲೆಗೆ ಸೇರಿದವೋ ಇಲ್ಲವೋ, ನನಗೆ ಇಂದಿಗೂ ಗೊತ್ತಿಲ್ಲ.